ಗೊಂಬೆಗಳು ಕಂಡ ಹೊಟ್ಟೆ

ಮೊದಲ ದಿನ ನಾನು ಓಡಿದ್ದು 52 ಸೆಕೆಂಡು. ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಒಳಗೆ ಹೋಗಿ, ಗುರುತಿನವರು ಯಾರೂ ಇಲ್ಲವೆಂದು ಆಚೀಚೆ ನೋಡಿ ಖಾತ್ರಿ ಮಾಡಿಕೊಂಡು, ಕೆರೆಯ ಕಡೆಗೆ ಓಟ ಕಿತ್ತಿದ್ದೆ. ಆಮೇಲೆ ಒಂದು ಮರ ಹಿಡಿದುಕೊಂಡು ನಿಂತೆ. ಆಗ ನನಗೆ 24 ವರ್ಷ, 97 ಕಿಲೋ. ಮಂಕಿ ಟೋಪಿ ಹಾಕಿಕೊಂಡಿದ್ದ ಹಿರಿಯರೊಬ್ಬರು, ಎಪ್ಪತ್ತೈದಾದರೂ ಆಗಿರಬೇಕು, ಬರೀ ನಡೆದುಕೊಂಡೇ ನನ್ನನ್ನು ದಾಟಿ ಹೋದರು. ಹೋಗುವಾಗ ತಿರುಗಿ, "ನಿಧಾನ ಕಣಪ್ಪಾ, ಲಾಲ್‌ಬಾಗ್ ಎಲ್ಲೂ ಹೋಗಲ್ಲ" ಅಂದರು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಮ್ಮದು ಎನ್.ಆರ್. ಕಾಲೊನಿಯ ಹಳೆಯ ಮನೆ. ಈ ಮನೆಯ ಗಂಡಸರು ಮೂರು ತಲೆಮಾರಿನಿಂದ ಓದುವವರು, ಅಂದರೆ ಕೂರುವವರು. ತಾತ ಈಸಿಚೇರಿನಲ್ಲಿ ಕೂತು ಓದಿದರು, ಅಪ್ಪ ಬ್ಯಾಂಕಿನ ಕುರ್ಚಿಯಲ್ಲಿ ಕೂತು ರಿಟೈರ್ ಆದರು, ನಾನು ಕನ್ನಡ ಎಂ.ಎ. ಮುಗಿಸಿ ಪುಸ್ತಕಗಳ ಕರಡು ತಿದ್ದುತ್ತ ಕೂತಿದ್ದೆ. ಮೂವರಿಗೂ ಒಂದೇ ಹೊಟ್ಟೆ. ಅವರಿಬ್ಬರಿಗೂ ಸಕ್ಕರೆ ಕಾಯಿಲೆ. ನನ್ನ ರಕ್ತದ ವರದಿ ನೋಡಿದ ಡಾಕ್ಟರು, "ನೀವಿನ್ನೂ ಹೊಸ್ತಿಲ ಮೇಲಿದ್ದೀರಿ" ಎಂದಿದ್ದರು. ಒಳಗೆ ಹೋಗುವ ಹೊಸ್ತಿಲೋ ಹೊರಗೆ ಬರುವ ಹೊಸ್ತಿಲೋ ಎಂದು ಅವರು ಹೇಳಲಿಲ್ಲ.

ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಶುರು ಮಾಡಿ, ರಾತ್ರಿಯ ಅನ್ನವನ್ನು ಅರ್ಧ ಮಾಡಿ, ಸಂಜೆಯ ಕುರುಕಲು ಬಿಟ್ಟು, 14 ತಿಂಗಳಲ್ಲಿ 78 ಕಿಲೋಗೆ ಬಂದೆ. ನಿಲ್ಲದೆ 8 ಕಿಲೋಮೀಟರ್ ಓಡುತ್ತಿದ್ದೆ. ಆಮೇಲೆ ಮಂಡಿ ನೋವು ಬಂತು, ಮಳೆಗಾಲ ಬಂತು, ಒಂದು ದೊಡ್ಡ ನಿಘಂಟಿನ ಕರಡು ಬಂತು. ಈಗ ಇದನ್ನು ಬರೆಯುತ್ತಿರುವವನ ತೂಕ 86 ಕಿಲೋ. ಈ ಏರಿಳಿತದ ನಡುವೆ ಎರಡು ಪುಸ್ತಕಗಳನ್ನು ಮತ್ತೆ ಮತ್ತೆ ಓದಿದೆ: ಕೆ.ವಿ. ಅಯ್ಯರ್ ಅವರ 'ರೂಪದರ್ಶಿ', ಗಿರೀಶ ಕಾರ್ನಾಡರ 'ಹಯವದನ'. ಎರಡನ್ನೂ ತರಗತಿಯಲ್ಲಿ ಚರ್ಚಿಸಿದ್ದೆ, ಒಂದರ ಮೇಲೆ ಪ್ರಬಂಧ ಬರೆದು ಅಂಕವನ್ನೂ ಗಳಿಸಿದ್ದೆ. ಅಂಕ ಕೊಟ್ಟವರ ಔದಾರ್ಯ ದೊಡ್ಡದು. ಮೈಯ ಬಗ್ಗೆ ಬರೆದ ಆ ಪುಸ್ತಕಗಳಲ್ಲಿ ಮೈಯನ್ನೇ ನಾನು ಓದಿರಲಿಲ್ಲ.

ಮೊದಲು ಭಾಷೆಯ ಒಂದು ಸಂಗತಿ. ಕನ್ನಡದಲ್ಲಿ ತೂಕ ಇಳಿಸುವುದಕ್ಕೆ ಹೊರಟವನಿಗೆ ಕನ್ನಡವೇ ಸಹಾಯ ಮಾಡುವುದಿಲ್ಲ. ನಮ್ಮಲ್ಲಿ ಒಳ್ಳೆಯ ಮಾತು ತೂಕದ ಮಾತು, ಗೌರವಸ್ಥ ತೂಕದ ಮನುಷ್ಯ. ಒಬ್ಬರನ್ನು ಹಗುರವಾಗಿ ಕಾಣುವುದು ತಪ್ಪು. ಮೈಕೈ ತುಂಬಿಕೊಂಡರೆ ಸಂತೋಷ, ಇಳಿದುಹೋದರೆ ಚಿಂತೆ. ನಾನು ಆರು ಕಿಲೋ ಕಳೆದುಕೊಂಡಾಗ ಗಾಂಧಿ ಬಜಾರಿನಲ್ಲಿ ಸಿಕ್ಕ ಅಪ್ಪನ ಸ್ನೇಹಿತರು ದನಿ ತಗ್ಗಿಸಿ, "ಮನೇಲಿ ಎಲ್ಲಾ ಸರಿಯಾಗಿದೆ ತಾನೆ?" ಎಂದು ಕೇಳಿದರು. ಓಟಕ್ಕೂ ಇದೇ ಗತಿ. ಓಡಿಹೋದವರು ಎಂದರೆ ಮನೆ ಬಿಟ್ಟವರು, ಸಾಲ ತೀರಿಸದವರು. ನಮ್ಮ ಪ್ರಬಂಧ ಸಾಹಿತ್ಯವಂತೂ ಪೂರಾ ನಡೆಯುವವರದ್ದು. ಎ.ಎನ್. ಮೂರ್ತಿರಾಯರ ಪುಸ್ತಕಗಳ ಹೆಸರೇ ನೋಡಿ, 'ಹಗಲುಗನಸುಗಳು', 'ಅಲೆಯುವ ಮನ'. ಏದುಸಿರು ಬಿಡುವವನು ಇಡುವ ಹೆಸರುಗಳಲ್ಲ ಇವು. (ಅವರು 103 ವರ್ಷ ಬದುಕಿದರು ಎನ್ನುವುದನ್ನು ಓಟಗಾರರು ಗಮನಿಸಬೇಕು.) ಗವಿಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಕೊಡೆ ಹಿಡಿದು ನಡೆದು ಹೋಗುತ್ತಿದ್ದ ಮಾಸ್ತಿಯವರನ್ನು ಕಂಡವರು ಈ ಬಡಾವಣೆಯಲ್ಲಿ ಇನ್ನೂ ಇದ್ದಾರೆ. ಮಾಸ್ತಿಯವರ ಕತೆಗಳ ವೇಗ ಆ ನಡಿಗೆಯದೇ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಆದರೆ ಇದೇ ಊರಿನಲ್ಲಿ, ಅದೇ ಕಾಲದಲ್ಲಿ, ಮೈಯನ್ನೇ ಬದುಕು ಮಾಡಿಕೊಂಡಿದ್ದ ಒಬ್ಬ ಕನ್ನಡ ಕಾದಂಬರಿಕಾರರಿದ್ದರು. ಕೋಲಾರದ ವೆಂಕಟೇಶ ಅಯ್ಯರ್ ಸ್ಥಾಪಿಸಿದ ಹರ್ಕ್ಯುಲಿಸ್ ವ್ಯಾಯಾಮಶಾಲೆ ಜೆ.ಸಿ. ರಸ್ತೆಯಲ್ಲಿತ್ತು. ಅಂಚೆಯ ಮೂಲಕವೂ ಅವರು ಅಂಗಸಾಧನೆ ಕಲಿಸುತ್ತಿದ್ದರು. 1930ರಲ್ಲಿ ಇಂಗ್ಲಿಷಿನಲ್ಲಿ 'ಮಸಲ್ ಕಲ್ಟ್' ಎಂಬ ಪುಸ್ತಕ ಬರೆದರು, ಕೆಲವು ವರ್ಷಗಳ ನಂತರ ಸೂರ್ಯನಮಸ್ಕಾರದ ಬಗ್ಗೆ ಇನ್ನೊಂದು. ಪೇಟೆಯ ಗರಡಿಗಳ ಸಾಧನೆಗೂ ಯೂಜೀನ್ ಸ್ಯಾಂಡೋ ಜಗತ್ತಿಗೆಲ್ಲ ಹಬ್ಬಿಸಿದ್ದ ಡಂಬಲ್ಸ್ ವ್ಯಾಯಾಮಕ್ಕೂ ನಡುವೆ ಒಂದು ಸೇತುವೆ ಕಟ್ಟಿದವರು ಅವರು. ತಮ್ಮ ಮೈಯನ್ನು ತಾವೇ ಹೊಗಳಿಕೊಳ್ಳುವುದಕ್ಕೆ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಕೈಲಾಸಂ ಅವರ ಆಪ್ತರು. ಕೈಲಾಸಂ ಬಗ್ಗೆ ಒಂದು ಸ್ಮರಣೆಯನ್ನೂ ಬರೆದಿದ್ದಾರೆ. ಆ ಕೈಲಾಸಂ 'ಟೊಳ್ಳುಗಟ್ಟಿ'ಯಲ್ಲಿ ಪರೀಕ್ಷೆಯ ಪುಟ್ಟುವನ್ನು ಟೊಳ್ಳು ಮಾಡಿ, ಮೈಬಗ್ಗಿಸುವ ಮಾಧುವನ್ನು ಗಟ್ಟಿ ಮಾಡಿದವರು. ನಮ್ಮಂಥ ಓದುವ ಮನೆಗಳಿಗೆ ಒಂದು ಪೆಟ್ಟು ಬೇಕು ಎಂದು ಆ ಇಬ್ಬರು ಸ್ನೇಹಿತರಿಗೂ ಅನ್ನಿಸಿದ್ದಿರಬೇಕು.

ಇಂಥ ಅಯ್ಯರ್ ಬರೆದ 'ರೂಪದರ್ಶಿ'ಯ ಕತೆ ಬಹಳ ಓದುಗರಿಗೆ ಗೊತ್ತು. ಚಿತ್ರಕಾರ ಮೈಕೆಲ್ ಏಂಜೆಲೋ ಬಾಲ ಏಸುವಿನ ಚಿತ್ರಕ್ಕೆ ಒಂದು ಮುಗ್ಧ ಮುಖ ಹುಡುಕಿ, ಒಬ್ಬ ಹುಡುಗನನ್ನು ಕಂಡು, ಅವನನ್ನು ಕೂರಿಸಿಕೊಂಡು ಬರೆಯುತ್ತಾನೆ. ಎಷ್ಟೋ ವರ್ಷಗಳ ಮೇಲೆ ಜುದಾಸನ ಮುಖ ಬೇಕಾಗುತ್ತದೆ. ಕ್ರೌರ್ಯ ಮಡುಗಟ್ಟಿದ ಒಂದು ಮುಖ ಸಿಗುತ್ತದೆ. ಆ ಮುಖದವನೇ ಹಿಂದಿನ ಹುಡುಗ. ಇಂಥದೇ ಕತೆಯನ್ನು ಬೇರೆ ಕಡೆ ಲಿಯೊನಾರ್ಡೋನ 'ಕೊನೆಯ ಭೋಜನ'ಕ್ಕೆ ಅಂಟಿಸಿ ಹೇಳುತ್ತಾರೆ. ಪ್ರಪಂಚ ಸುತ್ತಿದ ದಂತಕತೆ ಅದು. ಅಯ್ಯರ್ ಅದನ್ನು ಕನ್ನಡದಲ್ಲಿ ಎಷ್ಟು ಮಿಡಿತದಿಂದ ಹೇಳಿದ್ದಾರೆಂದರೆ, ಪಿ.ಯು.ಸಿ.ಯಲ್ಲಿ ಓದಿದಾಗ ನಾನು ಅತ್ತಿದ್ದೆ.

ಎರಡನೇ ಸಲ ಓದಿದ್ದು 78 ಕಿಲೋ ಆಗಿದ್ದಾಗ. ಆಗ ಅಳು ಬರಲಿಲ್ಲ, ಒಂದು ಗುಮಾನಿ ಬಂತು. ಒಂದೇ ಮನುಷ್ಯನ ಎರಡು ಚಿತ್ರಗಳು, ಮುಂಚೆ ಮತ್ತು ಆಮೇಲೆ: ಇದು ವ್ಯಾಯಾಮಶಾಲೆಯ ಜಾಹೀರಾತಿನ ರೂಪವಲ್ಲವೆ? ಎಡಗಡೆ ಸೊರಗಿದವನೋ ಊದಿದವನೋ, ಬಲಗಡೆ ಎದೆಯುಬ್ಬಿಸಿದವನು, ನಡುವೆ ಒಂದು ಗೆರೆ. ಅಂಗಸಾಧನೆಯ ಪುಸ್ತಕಗಳು ಇಪ್ಪತ್ತನೆಯ ಶತಮಾನದುದ್ದಕ್ಕೂ ಹೀಗೇ ಮಾರಾಟವಾಗಿವೆ. ಅಯ್ಯರ್ ಆ ಜೋಡಿಚಿತ್ರವನ್ನು ತಿರುಗಿಸಿ ಹಾಕಿದ್ದಾರೆ, ಚೆಲುವು ಮೊದಲು, ವಿಕಾರ ಆಮೇಲೆ. ತಿರುಗಿಸಿದರೂ ಒಳಗಿನ ನಂಬಿಕೆ ಅದೇ: ಮೈ ಎನ್ನುವುದು ನಡತೆಯ ಲೆಕ್ಕಪುಸ್ತಕ, ಮುಖ ನೋಡಿದರೆ ಒಳಗಿನ ಪಾಪ ಪುಣ್ಯ ತಿಳಿಯುತ್ತದೆ. ಕೆಟ್ಟವನಾದ್ದರಿಂದ ಮುಖ ಕೆಟ್ಟಿತು ಎನ್ನುವ ಕಾದಂಬರಿಗೂ, ದಪ್ಪಗಿದ್ದಾನಾದ್ದರಿಂದ ಸೋಮಾರಿ ಎನ್ನುವ ಪಕ್ಕದ ಮನೆಯವರಿಗೂ ಇಲ್ಲಿ ಹೆಚ್ಚು ದೂರವಿಲ್ಲ. ಕನ್ನಡ ಸೋಮಾರಿಗೆ ಕೊಟ್ಟ ಹೆಸರೂ ಮೈಗಳ್ಳ.

ಈ ಗುಮಾನಿ ಹುಟ್ಟಿದ್ದಕ್ಕೆ ಒಂದು ಹಿನ್ನೆಲೆಯಿದೆ. ಆ ದಿನಗಳಲ್ಲೇ ನಾನೂ ಒಂದು ಜೋಡಿಚಿತ್ರ ಮಾಡಿದ್ದೆ. ಅಕ್ಕನ ಮದುವೆಯ ಆಲ್ಬಮ್ಮಿನಿಂದ ಜರಿಪಂಚೆ ಉಟ್ಟ, ಬೀಗರಿಗೆ ಪಾನಕ ಕೊಡುತ್ತಿರುವ ನನ್ನನ್ನು ಕತ್ತರಿಸಿ ಎಡಕ್ಕಿಟ್ಟೆ. ಲಾಲ್‌ಬಾಗಿನ ಬಂಡೆಯ ಮೇಲೆ ಬೆವರಿ ನಿಂತ ನನ್ನನ್ನು ಬಲಕ್ಕಿಟ್ಟೆ. ಫೋನಿನಲ್ಲಿ ಅಜ್ಜಿಗೆ ತೋರಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ಬಲಗಡೆಯವನನ್ನು ಒಂದು ಕ್ಷಣ ನೋಡಿ, ಎಡಗಡೆಯವನ ಮೇಲೆ ಬೆರಳಿಟ್ಟು, "ಇವನು ಮದುವೇಲಿ ಎಷ್ಟು ಓಡಾಡಿದ್ದ. ಇವನನ್ನ ಯಾಕೋ ಹೀಗೆ ಪೊಲೀಸ್ ಸ್ಟೇಷನ್ ಫೋಟೋ ಥರ ನಿಲ್ಲಿಸಿದ್ದೀಯಾ?" ಎಂದರು. ನಾನು ನಕ್ಕೆ. ರಾತ್ರಿ ಆ ಚಿತ್ರ ಅಳಿಸಿದೆ. ಎಡಗಡೆಯವನು ಯಾವ ಮೂವತ್ತು ನಾಣ್ಯವನ್ನೂ ಪಡೆದವನಲ್ಲ. ಅವನನ್ನು ಜುದಾಸ್ ಮಾಡಿದವನು ನಾನು.

ಅಯ್ಯರ್ ಅವರಿಗೆ ಅನ್ಯಾಯ ಮಾಡಬಾರದು. ಮನಸ್ಸು ಮಾಡಿದರೆ ಯಾರು ಬೇಕಾದರೂ ಮೈಯನ್ನು ಕಟ್ಟಬಹುದು ಎಂದು ವ್ಯಾಯಾಮಶಾಲೆಯ ಅಯ್ಯರ್ ಹೇಳಿದರೆ, ಮನಸ್ಸಿಗೆ ಮೀರಿದ ಸಂಗತಿಗಳು ಮನುಷ್ಯನ ಮುಖವನ್ನು ಕಡೆಯುತ್ತವೆ ಎಂದು ಕಾದಂಬರಿಯ ಅಯ್ಯರ್ ಹೇಳುತ್ತಾರೆ. ತಾನು ಕಲಿಸಿದ್ದನ್ನೇ ಅನುಮಾನಿಸುವ ಬರೆಹ ಅದು. ಆ ಕಾರಣಕ್ಕೇ 'ಮಸಲ್ ಕಲ್ಟ್' ಇತಿಹಾಸಕಾರರ ಕಪಾಟಿಗೆ ಸೇರಿ, 'ರೂಪದರ್ಶಿ' ಇನ್ನೂ ಓದುಗರ ಕೈಯಲ್ಲಿದೆ. ನನ್ನ ತಕರಾರು ಒಂದೇ. ಎರಡು ಚಿತ್ರಗಳ ಕತೆ ಕೊನೆಗೆ ಎರಡು ಚಿತ್ರಗಳನ್ನಷ್ಟೇ ನಮ್ಮ ನೆನಪಿನಲ್ಲಿ ಉಳಿಸುತ್ತದೆ. ಒಂದು ಮುಖ ಇನ್ನೊಂದಾಗುವ ಸಾವಿರಾರು ಸಾಧಾರಣ ದಿನಗಳನ್ನು ಆ ಕೊನೆಯ ಬೆರಗು ನುಂಗಿಬಿಡುತ್ತದೆ.

'ಹಯವದನ'ದಲ್ಲಿ ಆ ದಿನಗಳು ಇವೆ. ಎಲ್ಲಿವೆ ಎಂದು ಕಾಣುವುದಕ್ಕೆ ನನಗೆ ಮೂರು ಓದು ಬೇಕಾಯಿತು.

1971ರಲ್ಲಿ ಪ್ರಕಟವಾದ ಈ ನಾಟಕದ ಹಿಂದೆ 'ಕಥಾಸರಿತ್ಸಾಗರ'ದ ಬೇತಾಳನ ಕತೆಯಿದೆ, ಅದನ್ನು ಥಾಮಸ್ ಮನ್ 1940ರಲ್ಲಿ ಜರ್ಮನ್ ಭಾಷೆಯಲ್ಲಿ ಹಿಗ್ಗಿಸಿ ಬರೆದ ಕಿರುಕಾದಂಬರಿಯಿದೆ. ದೇವದತ್ತ ವಿದ್ವಾಂಸನ ಮಗ, ಕವಿ, ಮೆತ್ತಗಿನ ಮೈ. ಕಪಿಲ ಕಮ್ಮಾರನ ಮಗ, ಗಟ್ಟಿ ಮೈ. ಕಾಳಿಯ ಗುಡಿಯಲ್ಲಿ ಇಬ್ಬರೂ ತಲೆ ಕಡಿದುಕೊಳ್ಳುತ್ತಾರೆ. ದೇವಿಯ ವರ ಪಡೆದ ಪದ್ಮಿನಿ ತಲೆಗಳನ್ನು ಅದಲುಬದಲು ಜೋಡಿಸುತ್ತಾಳೆ. ಗಂಡ ಯಾರು ಎನ್ನುವ ಪ್ರಶ್ನೆಗೆ ಬೇತಾಳನ ಕತೆಯಲ್ಲಿ ಬರುವ ಉತ್ತರವೇ ಇಲ್ಲೂ ಬರುತ್ತದೆ: ತಲೆ ಯಾರದೋ ಅವನೇ. ಬೇತಾಳನಿಗೆ ಅಷ್ಟು ಸಾಕು. ಕಾರ್ನಾಡರ ಕತೆ ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಕಾಲ ಕಳೆದಂತೆ ದೇವದತ್ತನ ತಲೆಯ ಕೆಳಗಿದ್ದ ಕಪಿಲನ ಮೈ ಮೆತ್ತಗಾಗುತ್ತದೆ, ಕಪಿಲನ ತಲೆಯ ಕೆಳಗಿದ್ದ ದೇವದತ್ತನ ಮೈ ಗಟ್ಟಿಯಾಗುತ್ತದೆ.

ತರಗತಿಯಲ್ಲಿ ನಾನು ಬರೆದದ್ದು ಎಲ್ಲರೂ ಬರೆಯುವುದನ್ನೇ. ಬುದ್ಧಿ ಮತ್ತು ದೇಹದ ದ್ವಂದ್ವ, ಅಪೂರ್ಣತೆ, ಅಸ್ಮಿತೆಯ ಬಿಕ್ಕಟ್ಟು. ಎರಡನೆಯ ಓದು ತೂಕ ಇಳಿಯುತ್ತಿದ್ದಾಗಿನದು, ಗೆಲುವಿನ ಓದು. ಆಗ ಇಷ್ಟವಾದದ್ದು ಕಪಿಲ. ಕಾಡಿನಲ್ಲಿದ್ದುಕೊಂಡು, ತನಗೆ ಸಿಕ್ಕ ಮೆತ್ತಗಿನ ಮೈಯನ್ನು ಜಗ್ಗಾಡಿ ಬಗ್ಗಿಸಿದವನು. ನಾನು ದೇವದತ್ತನ ಮನೆಯಲ್ಲಿ ಹುಟ್ಟಿ ಕಪಿಲನಾಗುತ್ತಿದ್ದೇನೆ ಎಂದುಕೊಂಡಿದ್ದೆ.

ಮೂರನೆಯ ಓದು ಕಳೆದ ಆಷಾಢದಲ್ಲಿ. ಪ್ಯಾಂಟಿನ ಗುಂಡಿ ಮತ್ತೆ ಬಿಗಿಯಾಗತೊಡಗಿದ ವಾರ. ಆಗ ಕಂಡದ್ದು ಗೊಂಬೆಗಳು.

ಹುಟ್ಟುವ ಮಗುವಿಗೆಂದು ದೇವದತ್ತ ಉಜ್ಜಯಿನಿಯ ಜಾತ್ರೆಯಿಂದ ಎರಡು ಗೊಂಬೆ ತರುತ್ತಾನೆ. ರಂಗದ ಮೇಲೆ ಅವು ಮಾತಾಡುತ್ತವೆ, ಜಗಳವಾಡುತ್ತವೆ, ಪದ್ಮಿನಿಯ ಕನಸುಗಳಿಗೆ ಇಣುಕುತ್ತವೆ. ಪ್ರೇಕ್ಷಕರು ನಗುವುದಕ್ಕೆ ಇಟ್ಟ ಪಾತ್ರಗಳೆಂದು ನಾನು ಅವನ್ನು ಬಿಟ್ಟು ಮುಂದೆ ಹೋಗುತ್ತಿದ್ದೆ. ನಾಟಕದಲ್ಲಿ ದೇವದತ್ತನ ಮೈ ಬದಲಾದದ್ದನ್ನು ಬಿಚ್ಚಿ ಹೇಳುವವರು ಈ ಗೊಂಬೆಗಳೇ. ತಂದ ದಿನ ಅವನ ಅಂಗೈ ಎಷ್ಟು ಒರಟಾಗಿತ್ತು, ಈಗ ಎಷ್ಟು ಮೆತ್ತಗಾಗಿದೆ ಎಂದು ಮಾತಾಡಿಕೊಳ್ಳುತ್ತವೆ. ಹೊಟ್ಟೆಯೂ ಸಡಿಲವಾಯಿತು ಎಂದು ಗಮನಿಸುತ್ತವೆ. ಅವಕ್ಕೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು? ಅವನ ಕೈ ಅವುಗಳನ್ನು ಎತ್ತಿದೆ, ಹಿಡಿದಿದೆ.

ಮೈಗಾದದ್ದನ್ನು ಮೈಯವನು ಕಾಣುವುದಿಲ್ಲ, ಪಕ್ಕದಲ್ಲಿರುವ ಸಾಮಾನುಗಳು ಕಾಣುತ್ತವೆ. ಇದು ನನ್ನ ಅನುಭವದ ಅಕ್ಷರಶಃ ಸತ್ಯ. ತೂಕ ಹತ್ತಿದ್ದನ್ನು ಕನ್ನಡಿ ನನಗೆ ಹೇಳಲಿಲ್ಲ, ಕನ್ನಡಿಯ ಮುಂದೆ ನಾನು ಉಸಿರು ಎಳೆದುಕೊಂಡೇ ನಿಲ್ಲುತ್ತೇನೆ. ಹೇಳಿದ್ದು ಬೆಲ್ಟಿನ ಮೂರನೆಯ ತೂತು, ಸ್ಕೂಟರಿನ ಹಿಂದಿನ ಟೈರು, ಊಟದ ಮಣೆಯಿಂದ ಏಳುವಾಗ ನೆಲಕ್ಕೆ ಊರಿದ ಕೈ.

ಇನ್ನೊಂದು ಸಂಗತಿಯೂ ಆಗಲೇ ಹೊಳೆದದ್ದು. ತಲೆ ಮೈಯನ್ನು ಆಳುತ್ತದೆ, ಆದ್ದರಿಂದ ಮೈ ತಲೆಗೆ ತಕ್ಕಂತೆ ಆಯಿತು ಎಂದು ನಾವು ಈ ನಾಟಕವನ್ನು ಓದುತ್ತ ಬಂದಿದ್ದೇವೆ. ಆದರೆ ದೇವದತ್ತ ಏನು ಮಾಡಿದ ಎಂದು ನೋಡಿ. ಹೊಸ ಮೈ ಬಂದ ಹೊಸತರಲ್ಲಿ ಕುಸ್ತಿ ಆಡಿದ, ಗೆದ್ದ. ಯೋಚನೆಗೆ ಕಾಯದೆ ಮೈ ತಾನೇ ಮುಂದಾಗುತ್ತದೆ ಎಂದು ಬೆರಗಾದ. ಆಮೇಲೆ ಸಾಧನೆ ಬಿಟ್ಟ. ಪುಸ್ತಕಕ್ಕೆ ಮರಳಿದ, ಗಂಧದೆಣ್ಣೆಗೆ ಮರಳಿದ. ಇಲ್ಲಿ ತಲೆಯ ಸಾರ್ವಭೌಮತ್ವದಂಥ ಗಹನ ತತ್ವ ಬೇಕಾಗಿಲ್ಲ. ಬೆಳಿಗ್ಗೆ ಎದ್ದು ಮಾಡುತ್ತಿದ್ದ ಕೆಲಸ ನಿಂತಿತು, ಅಷ್ಟೆ. ಪದ್ಮಿನಿ ಕಳೆದುಕೊಂಡದ್ದು ಕಪಿಲನ ಮೈಯನ್ನು ಎನ್ನುವುದಕ್ಕಿಂತ ಕಪಿಲನ ಬೆಳಗುಗಳನ್ನು ಎಂದರೆ ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ನಮ್ಮ ವಿಮರ್ಶೆ ದ್ವಂದ್ವವನ್ನು ಹುಡುಕುವ ಭರದಲ್ಲಿ ದಿನಚರಿಯನ್ನು ಕೈಬಿಟ್ಟಿತು. ನವ್ಯದ ಕಾಲದ ವಿಮರ್ಶಕರೂ ನಮ್ಮ ಮನೆಯವರ ಹಾಗೆ ಕೂತು ಓದಿದವರೇ ತಾನೆ.

ಕಾರ್ನಾಡರ ಮೇಲೆ ಒಂದು ದೂರೂ ಇದೆ. ನಾಟಕದ ಜ್ಯಾಮಿತಿ ಬಹಳ ಅಚ್ಚುಕಟ್ಟು, ಇವನು ಮೆತ್ತಗಾದಷ್ಟೇ ಅವನು ಗಟ್ಟಿ. ನಿಜದಲ್ಲಿ ಈ ಎರಡು ದಾರಿಗಳು ಸಮನಲ್ಲ. ಮೆತ್ತಗಾಗುವುದಕ್ಕೆ ಸುಮ್ಮನೆ ಕೂತರೆ ಸಾಕು. ಒಂದು ಕಿಲೋಮೀಟರ್ ಓಡಿದರೆ, ಸ್ಥೂಲ ಲೆಕ್ಕದಲ್ಲಿ, ಮೈತೂಕದ ಕಿಲೋ ಒಂದಕ್ಕೆ ಒಂದು ಕ್ಯಾಲೊರಿ ಖರ್ಚಾಗುತ್ತದೆ. 86 ಕಿಲೋದವನು ಲಾಲ್‌ಬಾಗಿನಲ್ಲಿ ಐದು ಕಿಲೋಮೀಟರ್ ಓಡಿ ಗಳಿಸಿದ್ದನ್ನು ಗಾಂಧಿ ಬಜಾರಿನಲ್ಲಿ ತುಪ್ಪ ಸುರಿದ ಒಂದು ಮಸಾಲೆ ದೋಸೆ, ಒಂದು ಕಾಫಿ ಹತ್ತು ನಿಮಿಷದಲ್ಲಿ ವಾಪಸು ಕೊಡುತ್ತವೆ. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಅಮೆರಿಕದ ತೂಕ ಇಳಿಸುವ ಟಿ.ವಿ. ಸ್ಪರ್ಧೆಯೊಂದರ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಹೆಚ್ಚಿನವರಿಗೆ ತೂಕ ಬಹುಮಟ್ಟಿಗೆ ಮರಳಿತ್ತು. ಆದರೂ ವಿಶ್ರಾಂತಿಯಲ್ಲಿದ್ದಾಗ ಅವರ ಮೈ ದಿನಕ್ಕೆ ಖರ್ಚು ಮಾಡುತ್ತಿದ್ದ ಶಕ್ತಿ, ಆ ಗಾತ್ರದವರು ಖರ್ಚು ಮಾಡಬೇಕಾದದ್ದಕ್ಕಿಂತ ಸುಮಾರು 500 ಕ್ಯಾಲೊರಿ ಕಡಿಮೆಯೇ ಇತ್ತು. ಹಳೆಯ ತೂಕವನ್ನು ಮೈ ಮರೆಯುವುದಿಲ್ಲ, ಅದನ್ನು ಕಾಯುತ್ತದೆ. ಮೈಗೆ ತನ್ನದೇ ನೆನಪುಗಳಿವೆ, ಅವು ನನ್ನನ್ನು ಕಾಡುತ್ತವೆ ಎನ್ನುವ ಅರ್ಥದ ಮಾತನ್ನು ಕಾಡಿನಲ್ಲಿ ಕಪಿಲ ಆಡುವಾಗ ಪ್ರಬಂಧ ಬರೆದಿದ್ದ ನಾನು ಅದನ್ನು ಪ್ರೇಮದ ಮಾತೆಂದು ಮಾತ್ರ ಓದಿದ್ದೆ.

ಕಪಿಲನಾಗುತ್ತಿದ್ದೇನೆ ಎಂದುಕೊಂಡದ್ದರ ಬಗ್ಗೆಯೂ ಈಗ ನಾಚಿಕೆಯಿದೆ. ಕಪಿಲ ಕಮ್ಮಾರರವನು. ಅವನ ಮೈ ಕೆಲಸದಿಂದ ಆದ ಮೈ. ಬೆಳಿಗ್ಗೆ ಆರೂವರೆಗೆ ನಾನು ಬಣ್ಣದ ಬೂಟು ಕಟ್ಟಿ ಹೊರಡುವಾಗ ನಮ್ಮ ರಸ್ತೆಯನ್ನು ಗುಡಿಸುವ ಪೌರಕಾರ್ಮಿಕ ಹೆಂಗಸು ಆಗಲೇ ಅರ್ಧ ಬಡಾವಣೆ ಮುಗಿಸಿರುತ್ತಾರೆ. ಒಂದು ದಿನ ಅವರು ಕೇಳಿದರು, "ದಿನಾ ಎಲ್ಲಿಗೆ ಓಡ್ತೀರಾ ಸಾರ್?" ಎಲ್ಲಿಗೂ ಇಲ್ಲಮ್ಮ, ಒಂದು ಸುತ್ತು ಹೋಗಿ ವಾಪಸು ಬರುತ್ತೇನೆ ಎಂದೆ. ಅವರು ಪೊರಕೆ ನಿಲ್ಲಿಸಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. 'ಹಯವದನ'ದಲ್ಲಿ ಎರಡು ಮೈಗಳ ನಡುವೆ ಜಾತಿ ಇದೆ, ಅದು ಎಲ್ಲರಿಗೂ ಕಾಣುವಂತೆಯೇ ಇದೆ. ದೇವದತ್ತನಿಗೆ ಗಟ್ಟಿ ಮೈ ವರವಾಗಿ ಬಂತು, ಬೇಡವಾದಾಗ ಬಿಡಲೂ ಬಂತು. ಓಟ ಆರಂಭಿಸುವುದೂ ನಿಲ್ಲಿಸುವುದೂ ನನ್ನ ಇಷ್ಟವಾಗಿರುವ ತನಕ ನಾನು ದೇವದತ್ತನೇ.

ಓಟದ ಬಗ್ಗೆಯೇ ಬರೆದ ಪುಸ್ತಕ ಬೇಕೆಂದು ಸ್ನೇಹಿತರು ಹರುಕಿ ಮುರಕಾಮಿಯ ಆತ್ಮಕಥನವನ್ನು ಕೊಟ್ಟರು. 2007ರಲ್ಲಿ ಜಪಾನಿ ಭಾಷೆಯಲ್ಲಿ ಬಂದ ಪುಸ್ತಕ, ಹೆಸರನ್ನು ರೇಮಂಡ್ ಕಾರ್ವರನ ಕಥಾಸಂಕಲನವೊಂದರಿಂದ ಮಾರ್ಪಡಿಸಿ ಇಟ್ಟದ್ದು. ಜಾಸ್ ಬಾರ್ ಮಾರಿ, ಕೂತು ಬರೆಯುವ ಕಸುಬಿಗೆ ಬಂದ ಮೇಲೆ, 33ನೆಯ ವಯಸ್ಸಿನಲ್ಲಿ ಅವರು ಓಡತೊಡಗಿದರು. ಸುಲಭವಾಗಿ ದಪ್ಪವಾಗುವ ಮೈ ತನ್ನದು, ಅದೇ ಒಂದು ರೀತಿಯ ಅದೃಷ್ಟ ಎನ್ನುತ್ತಾರೆ. ಈ ಭಾಗ ಓದಿ ನನಗೆ ಸಮಾಧಾನವಾಯಿತು, ಆಮೇಲೆ ಸ್ವಲ್ಪ ಬೇಸರವೂ ಆಯಿತು. ಅವರ ಶಿಸ್ತು ಬಹಳ ನುಣುಪು. ನನಗೆ ಹತ್ತಿರವಾದದ್ದು ಬೇರೆ ಪುಟಗಳು. 1996ರಲ್ಲಿ ಸರೋಮಾ ಸರೋವರದ ಬಳಿ 100 ಕಿಲೋಮೀಟರ್ ಓಡಿ ಮುಗಿಸಿದ ಮೇಲೆ ಅವರಿಗೆ ಓಟದ ಮೇಲಿನ ಆಸೆಯೇ ತಗ್ಗಿಹೋಯಿತಂತೆ. ದೊಡ್ಡ ಕಾರಣವಿಲ್ಲ, ಬಿಕ್ಕಟ್ಟಿಲ್ಲ, ಸುಮ್ಮನೆ ಒಳಗೇನೋ ಆರಿತು. ಅದನ್ನು ಅವರು ಅಲಂಕರಿಸದೆ ಬರೆದಿದ್ದಾರೆ. ಕನ್ನಡದಲ್ಲಿ ಇಂಥ ಪುಟಗಳು ನನಗೆ ಬೇಕು: ತೂಕ ಇಳಿಸಿ ಗೆದ್ದವರ ಪುಟಗಳಲ್ಲ, ಬಿಟ್ಟು ಮತ್ತೆ ಹಿಡಿದವರ ಪುಟಗಳು. ನಮ್ಮ ಪ್ರಬಂಧಕಾರರ ನಿಧಾನ ಅದಕ್ಕೆ ಹೇಳಿಮಾಡಿಸಿದಂತಿದೆ, ಏದುಸಿರನ್ನು ಮಾತ್ರ ಅವರು ಸೇರಿಸಿಕೊಳ್ಳಬೇಕು.

ಎರಡು ವಾರದ ಹಿಂದೆ ಮತ್ತೆ ಲಾಲ್‌ಬಾಗಿಗೆ ಹೋದೆ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಮಂಕಿ ಟೋಪಿಯವರು ಕಾಣಲಿಲ್ಲ. ಬರುವಾಗ ಗಾಂಧಿ ಬಜಾರಿನ ಆಲ್ಟ್ರೇಷನ್ ಅಂಗಡಿಗೆ ಪ್ಯಾಂಟುಗಳ ಚೀಲ ತೆಗೆದುಕೊಂಡು ಹೋದೆ. 78 ಆಗಿದ್ದಾಗ ಇವೇ ಪ್ಯಾಂಟುಗಳ ಸೊಂಟ ಹಿಡಿಸಿಕೊಟ್ಟವರು ಅವರು. ಆಗ ನಾನು ಹುರುಪಿನಲ್ಲಿ, ಉಳಿದ ಬಟ್ಟೆ ಕತ್ತರಿಸಿಬಿಡಿ, ಇನ್ನು ಬೇಕಾಗಲ್ಲ ಎಂದಿದ್ದೆ. ಅವರು ಏನೂ ಹೇಳದೆ ತಲೆಯಾಡಿಸಿದ್ದರು.

ಮೊನ್ನೆ ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ ತೋರಿಸಿದರು. ಬಟ್ಟೆ ಹಾಗೇ ಇತ್ತು, ಎರಡು ಬೆರಳಗಲ, ಮಡಿಸಿ ಹೊಲಿದಿತ್ತು.

"ನಾನು ಯಾರದ್ದೂ ಕತ್ತರಿಸಲ್ಲ ಸಾರ್. ಎಷ್ಟು ಬಿಡಲಿ, ಒಂದಿಂಚಾ?"

"ಮುಕ್ಕಾಲು ಇಂಚು ಬಿಡಿ" ಎಂದೆ.